ಯಾರನ್ನೂ ಜೈಲಿಗೆ ಕಳಿಸದ ಕಾನೂನು

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಭಾರತೀಯ ದಂಡಸಂಹಿತೆಯ 377ನೇ ಸೆಕ್ಷನ್ನಿಗೆ ಮರುಜೀವ ಕೊಟ್ಟಾಗ, ಕೊಟ್ಟ ಕಾರಣಗಳಲ್ಲಿ ಒಂದು ಲೆಕ್ಕವೂ ಇತ್ತು. ನೂರೈವತ್ತು ವರ್ಷಗಳಲ್ಲಿ, ವರದಿಯಾದ ತೀರ್ಪುಗಳನ್ನು ಎಣಿಸಿದರೆ, ಈ ಸೆಕ್ಷನ್ನಿನಡಿ ವಿಚಾರಣೆ ಎದುರಿಸಿದವರು 200 ಜನಕ್ಕಿಂತ ಕಡಿಮೆ. ಸಲಿಂಗಿಗಳು ದೇಶದ ಜನಸಂಖ್ಯೆಯಲ್ಲಿ ತೀರ ಸಣ್ಣ ಪಾಲು. ಇಷ್ಟನ್ನೇ ಆಧಾರ ಮಾಡಿಕೊಂಡು ಕಾನೂನನ್ನು ಸಂವಿಧಾನಬಾಹಿರ ಎನ್ನಲಾಗದು ಎಂಬುದು ಅಲ್ಲಿನ ವಾದದ ಸಾರ. ನಾಲ್ಕು ವರ್ಷ ಮೊದಲು, 2009ರ ಜುಲೈ 2ರಂದು, ದೆಹಲಿ ಹೈಕೋರ್ಟಿನ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ಅವರ ಪೀಠ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಕೊಟ್ಟಿದ್ದ ತೀರ್ಪು ಹೀಗೆ ಬಿದ್ದುಹೋಯಿತು.

ಆ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರ ಪೀಠ ಕೌಶಲ್ ತೀರ್ಪನ್ನು ರದ್ದು ಮಾಡಿತು, ಸರಿ. ಆದರೆ ಲೆಕ್ಕ ಹಾಕುವವರು ಎಲ್ಲ ಕಡೆ ಇದ್ದಾರೆ. ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದು ಕಾಲಕ್ಕೆ ಬ್ರಿಟಿಷರು ಆಳಿದ ನಾಡುಗಳು. ಅಲ್ಲಿಯ ಸರ್ಕಾರಗಳನ್ನು ಕೇಳಿದರೆ ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ಕಾನೂನು ಪುಸ್ತಕದಲ್ಲಿದೆ ಅಷ್ಟೆ, ಯಾರನ್ನು ಹಿಡಿದು ಒಳಗೆ ಹಾಕಿದ್ದೇವೆ? ನಮ್ಮ ನಡುವಿನ ಸಜ್ಜನರೂ ಹೀಗೆ ಮಾತಾಡುವುದನ್ನು ಕೇಳಿದ್ದೇನೆ. ಇದ್ದರೆ ಇರಲಿ ಬಿಡಿ, ತುಕ್ಕು ಹಿಡಿದ ಕತ್ತಿ, ಯಾರಿಗೇನು ತೊಂದರೆ ಎಂಬ ಧಾಟಿ.

ತೊಂದರೆ ಇದೆ. ಇಂಥ ಕಾನೂನಿನ ಮುಖ್ಯ ಕೆಲಸ ಶಿಕ್ಷೆ ಕೊಡುವುದೇ ಅಲ್ಲ. ಒಬ್ಬ ಮನುಷ್ಯನಿಂದ ದೂರು ಕೊಡುವ ಶಕ್ತಿಯನ್ನು ಕಿತ್ತುಕೊಳ್ಳುವುದು ಅದರ ಕೆಲಸ. ದರೋಡೆಯಾದರೂ ಹೊಡೆತ ಬಿದ್ದರೂ ಮನೆಯಿಂದ ಹೊರಹಾಕಿದರೂ ಆತ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲಾರ, ಯಾಕೆಂದರೆ ಹತ್ತಿದರೆ ಮೊದಲ ಆರೋಪಿ ಆತನೇ. ಈ ಕೆಲಸಕ್ಕೆ ಒಂದೇ ಒಂದು ಎಫ್‌ಐಆರ್ ಬೇಕಾಗಿಲ್ಲ. ಹಾಗಾಗಿ ಎಫ್‌ಐಆರ್ ಎಣಿಸಿ ಈ ಕಾನೂನನ್ನು ಅಳೆಯುವುದು ಬಾಗಿಲು ಒಡೆಯದ್ದರಿಂದ ಮನೆಯಲ್ಲಿ ಕಳ್ಳತನವೇ ಆಗಿಲ್ಲ ಎಂದಂತೆ.

ಇದರ ಹುಟ್ಟಿನಿಂದಲೇ ಆರಂಭಿಸಬಹುದು. 1533ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿನ ಸಂಸತ್ತು ಈ ‘ಪಾಪ’ವನ್ನು ಚರ್ಚಿನ ಕೈಯಿಂದ ತೆಗೆದು ರಾಜನ ಕೋರ್ಟಿಗೆ ಕೊಟ್ಟು ಮರಣದಂಡನೆ ವಿಧಿಸಿತು. ಈ ಕಾರಣಕ್ಕೆ ಅಲ್ಲಿ ಕೊನೆಯದಾಗಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಅದಾದ ಎರಡೇ ವರ್ಷಕ್ಕೆ, 1837ರಲ್ಲಿ, ಮೆಕಾಲೆಯ ಆಯೋಗ ಭಾರತಕ್ಕೆ ದಂಡಸಂಹಿತೆಯ ಕರಡು ಬರೆಯಿತು. ಆ ಕರಡಿನ ಟಿಪ್ಪಣಿಗಳು ಓದಲು ತುಂಬ ಚೆನ್ನಾಗಿವೆ. ಕಳ್ಳತನ, ಮಾನನಷ್ಟ, ಆತ್ಮರಕ್ಷಣೆ ಹೀಗೆ ಒಂದೊಂದರ ಬಗ್ಗೆಯೂ ಯಾಕೆ ಹೀಗೆ, ಯಾಕೆ ಹಾಗಲ್ಲ ಎಂದು ಉದಾಹರಣೆ ಕೊಟ್ಟು ಬಿಡಿಸಿ ಹೇಳುವ ಮೆಕಾಲೆ, ಈ ಒಂದು ವಿಷಯಕ್ಕೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಾನೆ. ಇಂಥದ್ದರ ಬಗ್ಗೆ ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು, ಸಾರ್ವಜನಿಕ ಚರ್ಚೆಗೆ ಆಸ್ಪದ ಕೊಡುವುದೇ ಬೇಡ ಎಂಬುದು ಆಯೋಗದ ನಿಲುವು. ಹೀಗೆ ಇಡೀ ಸಂಹಿತೆಯಲ್ಲಿ ಕಾರಣವನ್ನೇ ಹೇಳದೆ ದಾಟಿಸಿದ ಅಪರಾಧ ಇದು. 1860ರಲ್ಲಿ ಸಂಹಿತೆ ಅಂಗೀಕಾರವಾಗಿ 1862ರ ಜನವರಿ 1ಕ್ಕೆ ಜಾರಿಗೆ ಬಂದಾಗ ಅದರಲ್ಲಿದ್ದದ್ದು ‘ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ ಶರೀರ ಸಂಭೋಗ’ ಎಂಬ ಒಂದು ಮಸುಕು ಮಾತು. ಪ್ರಕೃತಿ ಎಂದರೇನು, ನಿಯಮ ಬರೆದವರು ಯಾರು ಎಂದು ಎಲ್ಲೂ ಇಲ್ಲ. ಸಂತಾನವಾಗದ ಯಾವ ಕೂಟವಾದರೂ ಇದರೊಳಗೆ ಬರುತ್ತದೆ ಎಂದು ಮುಂದೆ ಕೋರ್ಟುಗಳು ಅರ್ಥ ಹಿಗ್ಗಿಸಿದವು. ಅಕ್ಷರಶಃ ಓದಿದರೆ ದೇಶದ ಎಷ್ಟೋ ಗಂಡಹೆಂಡಿರೂ ಅಪರಾಧಿಗಳೇ. ಅವರನ್ನು ಯಾರೂ ಹೆದರಿಸಲಿಲ್ಲ ಎಂಬುದೇ ಈ ಸೆಕ್ಷನ್ನಿನ ನಿಜವಾದ ಗುರಿ ಯಾರು ಎಂಬುದಕ್ಕೆ ಸಾಕ್ಷಿ.

ಆ ಮಸುಕು ಮಾತು ಹೇಗೆ ಬಳಕೆಯಾಯಿತು ಎಂಬುದಕ್ಕೆ 1884ರ ಒಂದು ಪ್ರಕರಣ ನೋಡಿ. ಖೈರಾತಿ ಎಂಬ ವ್ಯಕ್ತಿ ಹೆಂಗಸರ ಉಡುಪಿನಲ್ಲಿ, ಹೆಂಗಸರ ನಡುವೆ ಕೂತು ಹಾಡುತ್ತಿದ್ದುದು ಕಣ್ಣಿಗೆ ಬಿದ್ದು ಬಂಧನವಾಯಿತು. ವೈದ್ಯರಿಂದ ದೇಹಪರೀಕ್ಷೆ ಮಾಡಿಸಿದರು. ಸೆಷನ್ಸ್ ಕೋರ್ಟು 377ರ ಅಡಿ ಶಿಕ್ಷೆ ವಿಧಿಸಿತು. ಎಲ್ಲಿ, ಯಾವಾಗ, ಯಾರ ಜೊತೆ ಎಂಬ ಮೂರು ಪ್ರಶ್ನೆಗೂ ಉತ್ತರವಿರಲಿಲ್ಲ. ಅಲಹಾಬಾದ್ ಹೈಕೋರ್ಟು ಅದೇ ಕಾರಣಕ್ಕೆ ಬಿಡುಗಡೆ ಮಾಡಿತು, ಜೊತೆಗೆ ಇಂಥ ನಡವಳಿಕೆಯನ್ನು ತಡೆಯುವ ಅಧಿಕಾರಿಗಳ ಆಸೆಯನ್ನು ಮೆಚ್ಚಿಕೊಂಡಿತು. ಸುಪ್ರೀಂ ಕೋರ್ಟಿನ ಲೆಕ್ಕದಲ್ಲಿ ಖೈರಾತಿ ಒಂದು ಬಿಡುಗಡೆ, ಕಾನೂನಿನ ನಿರುಪದ್ರವಕ್ಕೆ ಒಂದು ಪುರಾವೆ. ಹಾಡುತ್ತಿದ್ದ ಮನುಷ್ಯನನ್ನು ಎಬ್ಬಿಸಿಕೊಂಡು ಹೋಗಿ ಬಟ್ಟೆ ಬಿಚ್ಚಿಸಿದ್ದು ಯಾವ ಲೆಕ್ಕದಲ್ಲೂ ಇಲ್ಲ.

ಹೈದರಾಬಾದಿನ ಓದುಗರು ಇಲ್ಲಿ ತಮ್ಮೂರಿನದೊಂದು ಕಾನೂನನ್ನು ನೆನೆಯಬಹುದು. ನಿಜಾಮರ ಸಂಸ್ಥಾನ 1919ರಲ್ಲಿ ಮಾಡಿದ ನಪುಂಸಕರ ಕಾಯ್ದೆ, ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡ, ಹಾಡಿದ, ಕುಣಿದ ಹಿಜ್ರಾರನ್ನು ವಾರಂಟ್ ಇಲ್ಲದೆ ಬಂಧಿಸಲು ಪೊಲೀಸರಿಗೆ ಬಿಟ್ಟಿತ್ತು, ಅವರ ಹೆಸರುಗಳ ದಾಖಲೆ ಪುಸ್ತಕವನ್ನೂ ಇಡಬೇಕೆಂದಿತ್ತು. ತೆಲಂಗಾಣ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರ ಜುಲೈಯಲ್ಲಿ. ನಗುವ ಮೊದಲು ನಮ್ಮ ಕರ್ನಾಟಕದತ್ತಲೂ ನೋಡೋಣ. 2011ರಲ್ಲಿ, ಹೌದು, 1911 ಅಲ್ಲ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ ಅಂಥದೇ ದಾಖಲೆ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಡಲಾಯಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ‘ನಪುಂಸಕ’ ಎಂಬ ಪದವನ್ನು ತೆಗೆದರು.

ಈ ಕಾನೂನು ತವರಿನಲ್ಲಿ ಹೇಗಿತ್ತು ನೋಡೋಣ. 1885ರಲ್ಲಿ ಇಂಗ್ಲೆಂಡು ಗಂಡಸರ ನಡುವಿನ ‘ಘೋರ ಅಸಭ್ಯತೆ’ಗೆ ಹೊಸದೊಂದು ಸೆಕ್ಷನ್ ಮಾಡಿತು. ಅದಕ್ಕೆ ಜನರೇ ಇಟ್ಟ ಅಡ್ಡಹೆಸರು ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು. ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷ ಕಠಿಣ ಸಜೆಯಾದದ್ದು ಇದರಲ್ಲೇ. ಆದರೆ ನನ್ನ ಮಾತಿಗೆ ಹೆಚ್ಚು ಹತ್ತಿರದ ಪ್ರಕರಣ ಅಲನ್ ಟ್ಯೂರಿಂಗ್‌ನದು. ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತಲಿಪಿ ಒಡೆದ, ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಗಣಿತಜ್ಞ ಎಂದು ಆತನನ್ನು ಎಲ್ಲರೂ ಬಲ್ಲರು. ಆತ ಸಿಕ್ಕಿಬಿದ್ದ ಬಗೆ ಅಷ್ಟಾಗಿ ಗೊತ್ತಿಲ್ಲ. 1952ರ ಜನವರಿಯಲ್ಲಿ ಅವನ ಮನೆಯಲ್ಲಿ ಕಳ್ಳತನವಾಯಿತು. ಯಾವ ಗೃಹಸ್ಥನೂ ಮಾಡುವಂತೆ ಪೊಲೀಸರಿಗೆ ದೂರು ಕೊಟ್ಟ. ಕಳ್ಳ, ಟ್ಯೂರಿಂಗ್‌ನ ಗೆಳೆಯನಿಗೆ ಪರಿಚಿತ. ಪೊಲೀಸರು ಕಳ್ಳನ ಜಾಡು ಹಿಡಿಯುತ್ತ ಹೋಗಿ ಗೆಳೆತನದ ಜಾಡಿಗೆ ಬಂದರು, ದೂರುದಾರ ಆರೋಪಿಯಾದ. ಜೈಲಿನ ಬದಲು ಹಾರ್ಮೋನು ಚಿಕಿತ್ಸೆಗೆ ಒಪ್ಪಿಕೊಂಡ, ರಹಸ್ಯ ಕೆಲಸಗಳಿಗೆ ಬೇಕಾದ ಅನುಮತಿ ಕಳೆದುಕೊಂಡ, 1954ರಲ್ಲಿ ಸತ್ತ. ರಾಣಿಯ ಕ್ಷಮಾದಾನ ಬಂದದ್ದು 2013ರ ಡಿಸೆಂಬರ್‌ನಲ್ಲಿ. ನಮ್ಮ ಸುಪ್ರೀಂ ಕೋರ್ಟು 377ನ್ನು ಮರಳಿ ತಂದ ಅದೇ ತಿಂಗಳು!

ಇಂಗ್ಲೆಂಡು 1967ರಲ್ಲಿ ಕಾನೂನು ಸಡಿಲಿಸಿದರೂ ಉತ್ತರ ಐರ್ಲೆಂಡಿನಲ್ಲಿ ಹಳೆಯದೇ ಉಳಿಯಿತು. 1976ರಲ್ಲಿ ಬೆಲ್‌ಫಾಸ್ಟಿನ ಜೆಫ್ರಿ ಡಜನ್ ಎಂಬ ಹಡಗು ಕಂಪನಿ ಗುಮಾಸ್ತನ ಮನೆಗೆ ಪೊಲೀಸರು ಮಾದಕವಸ್ತು ಹುಡುಕುವ ವಾರಂಟ್ ಹಿಡಿದು ಬಂದರು. ಆತನ ಪತ್ರಗಳು, ದಿನಚರಿಗಳು ಅವರ ಕೈಸೇರಿದವು. ಠಾಣೆಯಲ್ಲಿ ನಾಲ್ಕೂವರೆ ಗಂಟೆ ಖಾಸಗಿ ಬದುಕಿನ ಪ್ರಶ್ನೆಗಳು. ಒಂದು ವರ್ಷ ದಾಟಿದ ಮೇಲೆ, ಮೊಕದ್ದಮೆ ಹೂಡುವುದಿಲ್ಲ ಎಂದು ತಿಳಿಸಿ ಕಾಗದಗಳನ್ನು ಹಿಂತಿರುಗಿಸಿದರು. ಡಜನ್ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ. ಮೊಕದ್ದಮೆಯೇ ಇಲ್ಲವಲ್ಲ, ನಿನಗಾದ ಅನ್ಯಾಯವೇನು ಎಂದು ಸರ್ಕಾರ ಕೇಳಿತು. 1981ರ ಅಕ್ಟೋಬರಿನಲ್ಲಿ ನ್ಯಾಯಾಲಯ ಹೇಳಿದ್ದರ ತಾತ್ಪರ್ಯ ಇದು: ಕಾನೂನು ಅಸ್ತಿತ್ವದಲ್ಲಿರುವುದೇ ಆತನ ಖಾಸಗಿ ಬದುಕಿನಲ್ಲಿ ನಿರಂತರ ಹಸ್ತಕ್ಷೇಪ. 15 ನ್ಯಾಯಮೂರ್ತಿಗಳು ಒಂದು ಕಡೆ, 4 ಜನ ಇನ್ನೊಂದು ಕಡೆ. ಈ ಒಂದು ವಾಕ್ಯವನ್ನು ನಮ್ಮ ಕೋರ್ಟು ಒಪ್ಪಿಕೊಳ್ಳಲು ಮತ್ತೆ 37 ವರ್ಷ ಬೇಕಾದವು.

ಅಷ್ಟರಲ್ಲಿ ನಮ್ಮಲ್ಲಿ ಏನೇನು ನಡೆಯಿತು? ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರಿನ ಪರಿಸ್ಥಿತಿಯ ಬಗ್ಗೆ ಒಂದು ಸತ್ಯಶೋಧನಾ ವರದಿ ಪ್ರಕಟಿಸಿತು. 377ರ ಹೆಸರು ಹೇಳಿ ದುಡ್ಡು ಕಿತ್ತುಕೊಳ್ಳುವುದು, ದಾಖಲೆಯಿಲ್ಲದೆ ಕೂಡಿಹಾಕುವುದು, ಮನೆಗೆ ತಿಳಿಸುತ್ತೇವೆಂದು ಬೆದರಿಸುವುದು, ಇವೇ ಅದರಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳು. ಮೊಕದ್ದಮೆ ಹೂಡಿದರೆ ಪೊಲೀಸನಿಗೆ ದುಡ್ಡು ಸಿಗುವುದಿಲ್ಲ ಎಂಬ ಸರಳ ಅರ್ಥಶಾಸ್ತ್ರ ಇಲ್ಲಿದೆ. ಪ್ರಕರಣಗಳು ಕಡಿಮೆ ಇದ್ದುದು ಕಾನೂನು ನಿದ್ರಿಸುತ್ತಿತ್ತು ಎಂದಲ್ಲ, ಬೇರೆ ಕಡೆ ದುಡಿಯುತ್ತಿತ್ತು ಎಂದು. ಅದೇ ವರ್ಷದ ಜುಲೈಯಲ್ಲಿ ಲಖನೌದಲ್ಲಿ ಎಚ್‌ಐವಿ ತಡೆಯ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನು ಬಂಧಿಸಿ ಸುಮಾರು ಒಂದೂವರೆ ತಿಂಗಳು ಜೈಲಿನಲ್ಲಿಟ್ಟರು. ಕಾಂಡೋಮು, ಆರೋಗ್ಯದ ಕರಪತ್ರಗಳು ಸಾಕ್ಷ್ಯವಾದವು. 2004ರಲ್ಲಿ ಬೆಂಗಳೂರಿನಲ್ಲಿ ಗೂಂಡಾಗಳಿಂದ ಅತ್ಯಾಚಾರಕ್ಕೊಳಗಾದ ಹಿಜ್ರಾ ಒಬ್ಬರನ್ನು ಪೊಲೀಸರು ಆಸ್ಪತ್ರೆಗೆ ಒಯ್ಯುವ ಬದಲು ಠಾಣೆಗೆ ಒಯ್ದು ಬೆತ್ತಲೆ ಮಾಡಿ ಹಿಂಸಿಸಿದರು. ಇದು ದೆಹಲಿ ಹೈಕೋರ್ಟಿನ 2009ರ ತೀರ್ಪಿನಲ್ಲೇ ದಾಖಲಾಗಿದೆ. ಟ್ಯೂರಿಂಗ್‌ನ ಕಥೆಯೇ ಇದು, ಹತ್ತು ಪಟ್ಟು ಕ್ರೂರವಾಗಿ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ರಾಮಚಂದ್ರ ಸಿರಾಸ್. ನಾಗಪುರದ ಕಡೆಯ ಮನುಷ್ಯ, ಮರಾಠಿ ಕವಿ, ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದರು. ಸುತ್ತ ತನ್ನ ಭಾಷೆ ಆಡುವವರಿಲ್ಲದ ಊರಿನಲ್ಲಿ ತನ್ನ ಭಾಷೆಯನ್ನೇ ವೃತ್ತಿ ಮಾಡಿಕೊಂಡು ಬದುಕುವುದು ಎಂದರೇನು ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನಿವೃತ್ತಿಗೆ ಕೆಲವೇ ತಿಂಗಳಿರುವಾಗ, 2010ರ ಫೆಬ್ರವರಿಯಲ್ಲಿ, ಇಬ್ಬರು ಅವರ ಮನೆಗೆ ನುಗ್ಗಿ ಮಲಗುವ ಕೋಣೆಯಲ್ಲಿ ವಿಡಿಯೋ ಮಾಡಿದರು. ದೆಹಲಿ ತೀರ್ಪು ಆಗಲೇ ಬಂದಿತ್ತು, ಕಾನೂನಿನ ಪ್ರಕಾರ ಅವರು ನಿರಪರಾಧಿ. ಆದರೂ ಮನೆಗೆ ನುಗ್ಗಿದವರ ಮೇಲೆ ವಿಶ್ವವಿದ್ಯಾಲಯದ ಸಿಟ್ಟು ತಿರುಗಲಿಲ್ಲ, ಅಮಾನತಾದದ್ದು ಪ್ರೊಫೆಸರ್. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ಬಾಡಿಗೆ ಮನೆಯಲ್ಲಿ ಶವವಾಗಿ ಸಿಕ್ಕರು. ನೂರೈವತ್ತು ವರ್ಷ ಕಾನೂನು ಕಲಿಸಿದ ಪಾಠವನ್ನು ಕಾನೂನು ಬದಲಾದ ಏಳೆಂಟು ತಿಂಗಳಲ್ಲಿ ಯಾರೂ ಮರೆಯುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ನ್ಯಾಯವಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಒಬ್ಬಾಕೆ ತನ್ನ ಗಂಡನ ಸಲಿಂಗ ಸಂಬಂಧವನ್ನು ಮನೆಯಲ್ಲೇ ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ದೂರು ಕೊಟ್ಟರು. ಆತ 377ರಡಿ ಬಂಧನಕ್ಕೊಳಗಾದ. ಆಕೆಯ ನೋವು ಸುಳ್ಳಲ್ಲ. ಮದುವೆಯ ಹೆಸರಿನಲ್ಲಿ ಮೋಸಹೋದ ಹೆಣ್ಣಿಗೆ ಪರಿಹಾರ ಬೇಕು, ಬಿಡುಗಡೆ ಬೇಕು. ಆದರೆ ಕಾನೂನು ಆಕೆಯ ಕೈಗೆ ಕೊಟ್ಟದ್ದು ಮೋಸಕ್ಕೆ ಸಂಬಂಧವೇ ಇಲ್ಲದ ಒಂದು ಆಯುಧ. ಮದುವೆಯಾಗು, ಎಲ್ಲ ಸರಿಹೋಗುತ್ತದೆ ಎಂದು ಹುಡುಗರನ್ನು ಮಂಟಪಕ್ಕೆ ನೂಕುವ ಮನೆಗಳ ಹಿಂದೆಯೂ ಈ ಸೆಕ್ಷನ್ ನಿಂತಿತ್ತು. ಬೇರೆ ದಾರಿಯೆಲ್ಲ ಅಪರಾಧವಾದಾಗ ಮದುವೆಯೇ ಅಡಗುತಾಣ. ಅದರ ಬೆಲೆ ತೆತ್ತವರು ಹೆಂಗಸರು. ವಸುಧೇಂದ್ರರ ‘ಮೋಹನಸ್ವಾಮಿ’ ಕನ್ನಡದಲ್ಲಿ ಬಂದದ್ದು 2013ರಲ್ಲಿ, ಕೌಶಲ್ ತೀರ್ಪಿನ ವರ್ಷವೇ. ಕಾನೂನಿನ ಪ್ರಕಾರ ಅಪರಾಧಿಯಾದವನನ್ನು ನಾಯಕನಾಗಿಸಿ, ಸ್ವಂತ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಎಂಥ ಗಟ್ಟಿತನ ಬೇಕು ಎಂಬುದನ್ನು ಇವತ್ತು ಆ ಪುಸ್ತಕ ಕೈಗೆತ್ತಿಕೊಳ್ಳುವ ಹುಡುಗರು ಊಹಿಸಲಾರರು.

ಇನ್ನು ಈ ಸೆಕ್ಷನ್ನಿನ ಪ್ರವಾಸ. ಭಾರತದಲ್ಲಿ ಬರೆದ ಸಂಹಿತೆಯನ್ನು ಬ್ರಿಟಿಷರು ಹಡಗಿಗೆ ಹಾಕಿಕೊಂಡು ಸಿಂಗಪುರ, ಮಲಯ, ಬರ್ಮಾಗಳಿಗೆ ಒಯ್ದರು. ಸಂಖ್ಯೆಯನ್ನೂ ಬದಲಿಸುವ ಗೋಜಿಗೆ ಹೋಗಲಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್‌ಗಳಲ್ಲಿ ಇವತ್ತಿಗೂ ಅದು 377. ಯಾರ ವಸಾಹತೂ ಆಗಿರದ ಭೂತಾನ್ ಕೂಡ 2004ರಲ್ಲಿ ತನ್ನ ದಂಡಸಂಹಿತೆ ಬರೆಯುವಾಗ ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ ಎಂಬ ಅದೇ ಪದಗುಚ್ಛವನ್ನು ಎರವಲು ಪಡೆಯಿತು. ಪುಣ್ಯಕ್ಕೆ 2021ರಲ್ಲಿ ಕೈಬಿಟ್ಟಿತು.

ಮಲೇಷ್ಯಾದಲ್ಲಿ ಇದು ಏನು ಮಾಡಬಲ್ಲುದು ಎಂದು ಜಗತ್ತೇ ನೋಡಿತು. ಅನ್ವರ್ ಇಬ್ರಾಹಿಂ ಉಪಪ್ರಧಾನಿಯಾಗಿದ್ದವರು. ಪ್ರಧಾನಿ ಮಹಾತಿರ್ ಜೊತೆ ಮುನಿಸು ಬಂದು ಹೊರಬಿದ್ದ ಮೇಲೆ 2000ದಲ್ಲಿ ಈ ಅಪರಾಧಕ್ಕೆ ಶಿಕ್ಷೆಯಾಯಿತು. 2004ರಲ್ಲಿ ಅದು ರದ್ದಾಯಿತು. ಅವರ ಒಕ್ಕೂಟ ಚುನಾವಣೆಯಲ್ಲಿ ಬಲ ಗಳಿಸಿದ 2008ರಲ್ಲೇ ಮತ್ತೆ ಅದೇ ಆರೋಪ. 2012ರಲ್ಲಿ ಖುಲಾಸೆ, 2014ರಲ್ಲಿ ಖುಲಾಸೆ ರದ್ದು, 2015ರಲ್ಲಿ ಐದು ವರ್ಷದ ಜೈಲು ಖಾಯಂ. ಇಲ್ಲೊಂದು ಸೂಕ್ಷ್ಮವಿದೆ. ಎರಡನೇ ಸಲ ದೂರುದಾರ ಹೇಳಿದ್ದು ಬಲವಂತ ಎಂದು, ಆದರೆ ಸರ್ಕಾರ ಹಾಕಿದ್ದು ಸಮ್ಮತಿ ಇದ್ದರೂ ಅಪರಾಧವಾಗುವ 377ಬಿ ಸೆಕ್ಷನ್. ಬಲವಂತವನ್ನು ಸಾಬೀತು ಮಾಡುವ ಕಷ್ಟವೇ ಇಲ್ಲ. ಸಮ್ಮತಿಗೂ ಬಲವಂತಕ್ಕೂ ವ್ಯತ್ಯಾಸ ಕಾಣದ ಕಾನೂನು ವಿರೋಧಿಯನ್ನು ಮುಗಿಸಲು ಎಷ್ಟು ಅನುಕೂಲ ನೋಡಿ. 2018ರಲ್ಲಿ ರಾಜರ ಕ್ಷಮಾದಾನ ಸಿಕ್ಕಿತು, 2022ರ ನವೆಂಬರಿನಲ್ಲಿ ಅನ್ವರ್ ಪ್ರಧಾನಿಯೇ ಆದರು. ಆ ಸೆಕ್ಷನ್ ಮಾತ್ರ ಅವರ ಆಡಳಿತದಲ್ಲೂ ಕದಲಿಲ್ಲ. ಅದನ್ನು ತೆಗೆಯುವುದಿಲ್ಲ ಎಂದು ಅವರೇ ಹೇಳಿದ್ದಾರೆ. ರಾಜಕಾರಣದ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಜಾರಿಮಾಡದ ಕಾನೂನು ಎಂಬ ವಿಚಿತ್ರವನ್ನು ಸರ್ಕಾರವೇ ಅಧಿಕೃತ ನೀತಿಯಾಗಿ ಸ್ವೀಕರಿಸಿದ್ದು ಸಿಂಗಪುರ. 2007ರಲ್ಲಿ ಅಲ್ಲಿ ದಂಡಸಂಹಿತೆ ಪರಿಷ್ಕರಿಸಿ ಗಂಡುಹೆಣ್ಣಿನ ಮಟ್ಟಿಗೆ 377ನ್ನು ತೆಗೆದರು. ಗಂಡಸರ ನಡುವಿನ ಸಂಬಂಧಕ್ಕೆ 1938ರಲ್ಲಿ ಬ್ರಿಟಿಷರು ಸೇರಿಸಿದ್ದ 377ಎ ಇರಲಿ, ಆದರೆ ನಾವಾಗಿ ಜಾರಿ ಮಾಡುವುದಿಲ್ಲ ಎಂದು ಪ್ರಧಾನಿ ಲೀ ಸೀನ್ ಲೂಂಗ್ ಸಂಸತ್ತಿನಲ್ಲಿ ಹೇಳಿದರು. ಸಮಾಜ ಇನ್ನೂ ತಯಾರಿಲ್ಲ, ಇಬ್ಬರಿಗೂ ಸಮಾಧಾನವಾಗುವ ಮಧ್ಯದ ದಾರಿ ಎಂಬ ವಾದ. ಹದಿನೈದು ವರ್ಷ ಹೀಗೇ ನಡೆಯಿತು. ಯಾರನ್ನೂ ಹಿಡಿಯದಿದ್ದರೆ ಆ ಸೆಕ್ಷನ್ ಇಟ್ಟುಕೊಂಡದ್ದು ಯಾಕೆ? ನೀವು ಇಲ್ಲಿ ಇರಬಹುದು, ಆದರೆ ನಮ್ಮ ದಯೆಯಿಂದ ಎಂದು ನೆನಪಿಸುವುದಕ್ಕೆ. ಹೀಗೆ ದಯೆಯ ಮೇಲೆ ಬದುಕುವವನು ಜಗಳವಾಡುವ ಧೈರ್ಯ ಮಾಡುವುದಿಲ್ಲ. 2022ರ ಕೊನೆಗೆ ಸಿಂಗಪುರದ ಸಂಸತ್ತು 377ಎ ತೆಗೆದುಹಾಕಿತು, ಅದೇ ಉಸಿರಿನಲ್ಲಿ ಮದುವೆಯ ವ್ಯಾಖ್ಯೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದಂತೆ ಸಂವಿಧಾನಕ್ಕೆ ತಿದ್ದುಪಡಿಯನ್ನೂ ತಂದಿತು.

ಆಫ್ರಿಕಾದ ಸ್ಥಿತಿ ಬೇರೆ, ಅಲ್ಲಿ ಕತ್ತಿಗೆ ಹೊಸದಾಗಿ ಸಾಣೆ ಹಿಡಿಯುತ್ತಿದ್ದಾರೆ. ಉಗಾಂಡದ ದಂಡಸಂಹಿತೆಯಲ್ಲೂ ಬ್ರಿಟಿಷರು ಬಿಟ್ಟುಹೋದ ‘ಪ್ರಕೃತಿಯ ನಿಯಮ’ ಇತ್ತು. ಅದು ಸಾಲದೆಂದು 2023ರ ಮೇಯಲ್ಲಿ ಅಧ್ಯಕ್ಷ ಮುಸೆವೇನಿ ಹೊಸ ಕಾಯ್ದೆಗೆ ಸಹಿ ಹಾಕಿದರು. ಸಲಿಂಗ ಸಂಬಂಧಕ್ಕೆ ಜೀವಾವಧಿ, ಕೆಲವು ಸಂದರ್ಭಗಳಲ್ಲಿ ಮರಣದಂಡನೆ. ನನಗೆ ಇದರಲ್ಲಿ ಮರಣದಂಡನೆಯಷ್ಟೇ ಭಯಾನಕ ಅನ್ನಿಸಿದ್ದು ಬೇರೆ ಎರಡು ಅಂಶ. ಇಂಥವರಿಗೆ ಗೊತ್ತಿದ್ದೂ ಮನೆ ಬಾಡಿಗೆ ಕೊಟ್ಟ ಮಾಲೀಕ ಅಪರಾಧಿ. ಇಂಥವರ ಬಗ್ಗೆ ತಿಳಿದೂ ಪೊಲೀಸರಿಗೆ ಹೇಳದವನು ಅಪರಾಧಿ. ಅಂದರೆ ಮನೆಯೊಡೆಯ, ನೆರೆಯವ, ಡಾಕ್ಟರು ಎಲ್ಲರನ್ನೂ ಕಾನೂನು ಪೊಲೀಸರನ್ನಾಗಿ ನೇಮಿಸಿತು. ಬಾಡಿಗೆ ಮನೆ ಖಾಲಿ ಮಾಡಿಸುವ ಸರಣಿಯೇ ಶುರುವಾಯಿತು. ಪರವೂರಿನಲ್ಲಿ ಮನೆ ಹುಡುಕುತ್ತ ನಿಮ್ಮಲ್ಲಿ ಎಷ್ಟು ಜನ, ಯಾವ ಜಾತಿ, ಮಾಂಸ ತಿನ್ನುತ್ತೀರಾ, ಮದುವೆಯಾಗಿದೆಯಾ ಎಂಬ ಪ್ರಶ್ನೆಗಳನ್ನು ಎದುರಿಸಿದ ನಮ್ಮಂಥವರಿಗೆ ಮಾಲೀಕನ ಕೈಗೆ ಒಂದು ಸೆಕ್ಷನ್ನನ್ನೂ ಕೊಟ್ಟರೆ ಏನಾಗುತ್ತದೆ ಎಂದು ಸ್ವಲ್ಪವಾದರೂ ಅಂದಾಜಾದೀತು. 2024ರ ಏಪ್ರಿಲ್‌ನಲ್ಲಿ ಉಗಾಂಡದ ಸಾಂವಿಧಾನಿಕ ನ್ಯಾಯಾಲಯ ಈ ಬಾಡಿಗೆಯ ಅಂಶವನ್ನೂ ವರದಿ ಮಾಡುವ ಕಟ್ಟಳೆಯನ್ನೂ ತೆಗೆದುಹಾಕಿತು, ಉಳಿದ ಕಾಯ್ದೆಯನ್ನು ಎತ್ತಿಹಿಡಿಯಿತು.

ಎಲ್ಲವೂ ಬ್ರಿಟಿಷರ ಕೊಡುಗೆಯಲ್ಲ. ಹಾಗೆಂದು ಹೇಳುವುದು ಸುಲಭ, ನಮಗೆ ಹಿತವೂ ಹೌದು. ಕ್ರಾಂತಿಯ ಫ್ರಾನ್ಸ್ 1791ರಲ್ಲೇ ಈ ಅಪರಾಧವನ್ನು ಕೈಬಿಟ್ಟಿತ್ತು, ಆದರೂ ಫ್ರೆಂಚರ ಪ್ರಭಾವದ ಕ್ಯಾಮರೂನ್ 1972ರಲ್ಲಿ ತಾನಾಗಿ ಸುಗ್ರೀವಾಜ್ಞೆಯ ಮೂಲಕ ಅದನ್ನು ತಂದಿತು. 2011ರಲ್ಲಿ ಅಲ್ಲಿ ರೋಜರ್ ಜಾನ್‌ಕ್ಲೋಡ್ ಎಂಬೆಡೆ ಎಂಬ ಯುವಕ ಇನ್ನೊಬ್ಬ ಗಂಡಸಿಗೆ ಪ್ರೀತಿ ಹೇಳಿಕೊಂಡು ಫೋನಿನಲ್ಲಿ ಸಂದೇಶ ಕಳಿಸಿದ. ಅದನ್ನು ಪಡೆದವನು ಪೊಲೀಸರಿಗೆ ಹಿಡಿದುಕೊಟ್ಟ. ಮೂರು ವರ್ಷ ಸಜೆಯಾಯಿತು. ಕಾಯಿಲೆ ಬಿದ್ದು ತಾತ್ಕಾಲಿಕ ಬಿಡುಗಡೆ ಸಿಕ್ಕಿತು, 2014ರ ಜನವರಿಯಲ್ಲಿ ಸತ್ತುಹೋದ. 2024ರಲ್ಲಿ ಇರಾಕ್ ಮತ್ತು ಮಾಲಿ ಹೊಸದಾಗಿ ಇಂಥ ಕಾನೂನುಗಳನ್ನು ಮಾಡಿದವು. ಅದೇ ವರ್ಷ ನಮೀಬಿಯಾ ಮತ್ತು ಡೊಮಿನಿಕದ ಕೋರ್ಟುಗಳು ತಮ್ಮವನ್ನು ರದ್ದು ಮಾಡಿದವು. ಟ್ರಿನಿಡಾಡಿನಲ್ಲಿ 2018ರಲ್ಲಿ ಹೈಕೋರ್ಟು ತೆಗೆದದ್ದನ್ನು 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಮರಳಿ ತಂದಿತು. ಇತಿಹಾಸ ಒಂದೇ ದಿಕ್ಕಿಗೆ ನಡೆಯುತ್ತದೆ ಎಂಬ ನಂಬಿಕೆ ನನಗಂತೂ ಇಲ್ಲ.

ಕಂಪಾಲದಲ್ಲಿಯೂ ಕ್ವಾಲಾಲಂಪುರದಲ್ಲಿಯೂ ಕೇಳುವ ದೊಡ್ಡ ಮಾತು ‘ಇದು ನಮ್ಮ ಸಂಸ್ಕೃತಿಯಲ್ಲ, ಪಶ್ಚಿಮದ ಸರಕು’ ಎಂಬುದು. ಸಂಸ್ಕೃತಿ ರಕ್ಷಣೆಗೆ ಹಿಡಿದ ಆಯುಧದ ಮೇಲೆ ಲಂಡನ್ನಿನ ಮುದ್ರೆಯಿದೆ ಎಂಬುದು ಒಂದು ಉತ್ತರ. ಉಗಾಂಡದ ಮಟ್ಟಿಗಂತೂ 2009ರಲ್ಲಿ ಅಮೆರಿಕದ ಧರ್ಮಪ್ರಚಾರಕರು ಕಂಪಾಲಕ್ಕೆ ಬಂದು ಸಲಿಂಗಕಾಮದ ವಿರುದ್ಧ ಸಮಾವೇಶ ನಡೆಸಿದ್ದೂ ಉಂಟು. ಭಯವೂ ಆಮದೇ. ಇದಕ್ಕೆ ನಮ್ಮಲ್ಲಿ ಕೊಡುವ ಇನ್ನೊಂದು ಉತ್ತರ ಖಜುರಾಹೊದ ಶಿಲ್ಪ, ಶಿಖಂಡಿಯ ಕಥೆ, ಸವದತ್ತಿ ಎಲ್ಲಮ್ಮನ ಜೋಗಪ್ಪಗಳು. ಇವೆಲ್ಲ ನಿಜ, ಆದರೆ ಈ ವಾದದ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ನಾಳೆ ಯಾರೋ ಪಂಡಿತರು ಧರ್ಮಶಾಸ್ತ್ರದ ಪ್ರಾಯಶ್ಚಿತ್ತದ ಶ್ಲೋಕ ತೆಗೆದು ತೋರಿಸಿದರೆ ಏನು ಮಾಡುತ್ತೀರಿ? ಒಂದು ಗುಡಿಯ ಗೋಡೆಯ ಮೇಲೂ ಇಂಥದ್ದೇನೂ ಇರದಿದ್ದರೂ ಇಬ್ಬರು ವಯಸ್ಕರು ಬಾಗಿಲು ಹಾಕಿಕೊಂಡು ಬದುಕುವುದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗಿರಲಿಲ್ಲ.

ಬಾಗಿಲು ಹಾಕಿಕೊಳ್ಳುವ ಆ ಹಕ್ಕು ನಮಗೆ ಸಿಕ್ಕ ದಾರಿಯಲ್ಲಿ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತಾರರ ವಯಸ್ಸಿನಲ್ಲಿ ಕೋರ್ಟಿಗೆ ಹೋದದ್ದು ಆಧಾರ್ ವಿರುದ್ಧ, ಸಲಿಂಗಿಗಳ ಪರವಾಗಿ ಅಲ್ಲ. ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸಣ್ಣ ಪಾಲು ಎಂಬ ಕಾರಣಕ್ಕೆ ಯಾರ ಹಕ್ಕನ್ನೂ ನಿರಾಕರಿಸಲಾಗದು ಎಂದು ಕೌಶಲ್ ತೀರ್ಪಿನ ಲೆಕ್ಕವನ್ನು ಅಲ್ಲಿ ಹೆಸರಿಟ್ಟೇ ತಿರಸ್ಕರಿಸಲಾಯಿತು. ಮರುವರ್ಷದ ತೀರ್ಪು ನಿಂತದ್ದು ಆ ಅಡಿಪಾಯದ ಮೇಲೆ.

ಅಲ್ಲಿಗೆ ಕಥೆ 2018ರಲ್ಲಿ ಮುಗಿಯಬೇಕಿತ್ತು. ಮುಗಿದಿಲ್ಲ. ಡೇಟಿಂಗ್ ಆ್ಯಪುಗಳಲ್ಲಿ ಪರಿಚಯ ಮಾಡಿಕೊಂಡು, ಕರೆಸಿ, ಹೊಡೆದು, ದುಡ್ಡು ದೋಚುವ ಸುದ್ದಿಗಳನ್ನು ಎಲ್ಲ ದೊಡ್ಡ ಊರುಗಳ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಪೊಲೀಸರಿಗೆ ಹೇಳುತ್ತೇವೆ ಎಂಬ ಬೆದರಿಕೆ ಈಗ ಮನೆಗೆ ಹೇಳುತ್ತೇವೆ ಎಂದಾಗಿದೆ. ಮತ್ತೆ 2018ರ ತೀರ್ಪು 377ನ್ನು ಪೂರ್ತಿ ಕಿತ್ತಿರಲಿಲ್ಲ. ಬಲಾತ್ಕಾರದ ಮಟ್ಟಿಗೆ ಉಳಿಸಿತ್ತು, ಯಾಕೆಂದರೆ ನಮ್ಮ ಅತ್ಯಾಚಾರದ ಕಾನೂನಿನಲ್ಲಿ ಸಂತ್ರಸ್ತೆ ಹೆಣ್ಣೇ ಆಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ಸಮ್ಮತಿಯಿಲ್ಲದ ಕೃತ್ಯಗಳಿಗಾಗಿ ಅದನ್ನು ಉಳಿಸಿಕೊಳ್ಳಿ ಎಂದು ಸಂಸದೀಯ ಸಮಿತಿ ಮೊದಲೇ ಹೇಳಿತ್ತು, ಕೇಳಲಿಲ್ಲ. ದೆಹಲಿ ಹೈಕೋರ್ಟು ಆಗಸ್ಟಿನಲ್ಲಿ ಕೇಂದ್ರವನ್ನು ಪ್ರಶ್ನಿಸಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಇದು ಸಂಸತ್ತಿನ ಕೆಲಸ, ಅಪರಾಧವನ್ನು ನಾವು ಸೃಷ್ಟಿಸಲಾಗದು ಎಂದಿತು. ಅದೂ ಸರಿಯೇ. ಸಂಸತ್ತು ಮಾಡಬೇಕು, ಮಾಡಿಲ್ಲ.

ಪರಿಣಾಮ ಏನೆಂದರೆ, ಇವತ್ತು ವಯಸ್ಕ ಗಂಡಸೊಬ್ಬನ ಮೇಲೆ ಅತ್ಯಾಚಾರವಾದರೆ ಪೊಲೀಸರ ಬಳಿ ಇರುವುದು ಹಲ್ಲೆ, ಅಕ್ರಮ ಬಂಧನ, ಬೆದರಿಕೆಯಂಥ ಸೆಕ್ಷನ್‌ಗಳು. ಲಿಂಗತ್ವ ಅಲ್ಪಸಂಖ್ಯಾತರ ಮೇಲಾದರೆ 2019ರ ಕಾಯ್ದೆಯಡಿ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಾದ ಅದೇ ಕೃತ್ಯಕ್ಕೆ ಕನಿಷ್ಠ ಹತ್ತು ವರ್ಷ. ಬೇಕಾದದ್ದು ಹಳೆಯ 377 ಅಲ್ಲ. ಸಂತ್ರಸ್ತರು ಯಾರೇ ಆಗಿರಲಿ, ಸಮ್ಮತಿ ಇತ್ತೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಕೇಳುವ ಸೆಕ್ಷನ್. ಹೆಣ್ಣುಮಕ್ಕಳಿಗೆ ಈಗಿರುವ ರಕ್ಷಣೆಯನ್ನು ಒಂದಿಷ್ಟೂ ಸಡಿಲಿಸದೆ ಅದನ್ನು ಸೇರಿಸುವುದು ಸಾಧ್ಯ. ನೂರೈವತ್ತು ವರ್ಷ ಆ ಮನುಷ್ಯ ಠಾಣೆಗೆ ಹೋಗಲಿಲ್ಲ, ಹೋದರೆ ತಾನೇ ಆರೋಪಿಯಾಗುತ್ತೇನೆಂದು. ಈಗ ಆತ ಧೈರ್ಯ ಮಾಡಿ ಹೋಗಬಹುದು. ಆತನ ದೂರನ್ನು ಯಾವ ಸೆಕ್ಷನ್ನಿನಡಿ ಬರೆದುಕೊಳ್ಳಬೇಕೆಂದು ಎದುರಿಗೆ ಕೂತ ಇನ್‌ಸ್ಪೆಕ್ಟರಿಗೆ ಗೊತ್ತಿರುವುದಿಲ್ಲ.